ಕಾನೂನಿಗೆ ಮುಂಚೆ ಅಹವಾಲು

ಇವತ್ತು ಸಣ್ಣ ವ್ಯಾಪಾರಿಗಳ ಬಗ್ಗೆ ಮಾತಾಡುತ್ತೇನೆ. ಬೀದಿಬದಿಯಲ್ಲಿ ಸೊಪ್ಪು ಮಾರುವವರು, ಬಡಾವಣೆಯ ಕಾಂಡಿಮೆಂಟ್ಸ್ ಅಂಗಡಿಯವರು, ಒಂದೋ ಎರಡೋ ಲೇತ್ ಯಂತ್ರ ಇಟ್ಟುಕೊಂಡು ಬಿಡಿಭಾಗ ಮಾಡಿಕೊಡುವವರು ಎಲ್ಲರೂ ಇದರಲ್ಲಿ ಬರುತ್ತಾರೆ. ಇವರ ದುಡಿಮೆ ನಮಗೆಲ್ಲ ಗೊತ್ತು. ಇವರ ಮೇಲೆ ಬರುವ ಕಾನೂನುಗಳು ಎಲ್ಲಿ, ಹೇಗೆ ತಯಾರಾಗುತ್ತವೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಆ ತಯಾರಿಯ ಹೊತ್ತಿನಲ್ಲಿ ಇವರನ್ನು ಯಾರಾದರೂ ಕೇಳುತ್ತಾರೆಯೇ? ಕೇಳಿದರೆ ಏನಾಗುತ್ತದೆ? ಕೇಳದಿದ್ದರೆ ಏನಾಗುತ್ತದೆ? ಇವತ್ತಿನ ವಿಷಯ ಇಷ್ಟೇ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಸಣ್ಣ ವ್ಯಾಪಾರಿಯ ಅಹವಾಲನ್ನು ಕಾನೂನು ಆಗುವ ಮೊದಲು ಕೇಳಬೇಕು. ಆದ ಮೇಲೆ ಕೇಳಿದರೆ ಅದು ಪರಿಹಾರವಾಗುತ್ತದೆ, ರಿಯಾಯಿತಿಯಾಗುತ್ತದೆ, ಕೆಲವೊಮ್ಮೆ ಬರೀ ಸಮಾಧಾನದ ಮಾತಾಗುತ್ತದೆ. ಮೊದಲೇ ಕೇಳಿದರೆ ಕಾನೂನೇ ಸರಿಯಾಗುತ್ತದೆ.

ನಮ್ಮ ದೇಶದಲ್ಲಿ ಸಣ್ಣ ಉದ್ಯಮ ಎಂದರೆ ಸಣ್ಣ ಸಂಖ್ಯೆಯಲ್ಲ. ಕೇಂದ್ರ ಸರ್ಕಾರದ ಉದ್ಯಮ್ ಪೋರ್ಟಲಿನಲ್ಲಿ ನೋಂದಾಯಿಸಿಕೊಂಡವರೇ 6 ಕೋಟಿಗಿಂತ ಹೆಚ್ಚು. ಅವರಲ್ಲಿ ನೂರಕ್ಕೆ 95ಕ್ಕೂ ಹೆಚ್ಚು ಮಂದಿ ಸೂಕ್ಷ್ಮ ಉದ್ಯಮದವರು. ಅಂದರೆ ಯಜಮಾನರೇ ಕೆಲಸಗಾರರು, ಮನೆಯವರೇ ಲೆಕ್ಕ ಬರೆಯುವವರು. ದೊಡ್ಡ ಕಂಪನಿಗೆ ಕಾನೂನು ಓದಿ ಹೇಳಲು ವಕೀಲರಿದ್ದಾರೆ. ದೆಹಲಿಗೆ ಹೋಗಿ ಮಾತಾಡಲು ಪ್ರತಿನಿಧಿಗಳಿದ್ದಾರೆ. ಸಣ್ಣ ಅಂಗಡಿಯವರಿಗೆ ಅಂಗಡಿ ಬಾಗಿಲು ಒಂದು ದಿನ ಮುಚ್ಚುವುದೇ ನಷ್ಟ. ಆದ್ದರಿಂದ ಅವರು ಕೇಳಿಸುವ ಹಾಗೆ ಮಾತಾಡಲು ಒಂದು ದಾರಿಯನ್ನು ವ್ಯವಸ್ಥೆಯೇ ಮಾಡಿಕೊಡಬೇಕು.

ಅಂಥ ದಾರಿ ಇಲ್ಲವೇ? ಇದೆ. ಅದನ್ನು ಮೊದಲು ತಿಳಿದುಕೊಳ್ಳೋಣ.

ಸಂಸತ್ತಿನಲ್ಲಿ ಒಂದು ಮಸೂದೆ ಮಂಡನೆಯಾದ ಮೇಲೆ ಅದನ್ನು ಸ್ಥಾಯಿ ಸಮಿತಿಗೆ ಒಪ್ಪಿಸಬಹುದು. ಇಲಾಖೆಗಳಿಗೆ ಸಂಬಂಧಿಸಿದ ಈ ಸಮಿತಿಗಳು 1993ರಲ್ಲಿ ಶುರುವಾದವು. ಈಗ ಒಟ್ಟು 24 ಇವೆ. ಪ್ರತಿ ಸಮಿತಿಯಲ್ಲಿ 31 ಸದಸ್ಯರು. 21 ಮಂದಿ ಲೋಕಸಭೆಯವರು, 10 ಮಂದಿ ರಾಜ್ಯಸಭೆಯವರು. ಆಳುವ ಪಕ್ಷದವರೂ ಇರುತ್ತಾರೆ, ವಿರೋಧ ಪಕ್ಷದವರೂ ಇರುತ್ತಾರೆ. ಇಲ್ಲಿ ಕ್ಯಾಮೆರಾ ಇರುವುದಿಲ್ಲ. ಘೋಷಣೆ ಕೂಗುವ ಅಗತ್ಯ ಬೀಳುವುದಿಲ್ಲ. ಮಸೂದೆಯನ್ನು ಒಂದೊಂದೇ ಕಲಂ ಹಿಡಿದು ಓದುತ್ತಾರೆ. ಅಧಿಕಾರಿಗಳನ್ನು ಕರೆಸಿ ಪ್ರಶ್ನೆ ಕೇಳುತ್ತಾರೆ. ಸಾರ್ವಜನಿಕರಿಂದ ಅಭಿಪ್ರಾಯ ಕೋರಿ ಪತ್ರಿಕೆಗಳಲ್ಲಿ ಪ್ರಕಟಣೆ ಕೊಡುತ್ತಾರೆ. ಬರೆದು ಕಳಿಸಿದವರಲ್ಲಿ ಕೆಲವರನ್ನು, ಸಂಘಟನೆಗಳವರನ್ನು ಕರೆದು ಎದುರಿಗೆ ಕೂರಿಸಿ ಕೇಳುತ್ತಾರೆ. ಕೊನೆಗೆ ವರದಿ ಕೊಡುತ್ತಾರೆ. ಆ ವರದಿಯನ್ನು ಸರ್ಕಾರ ಒಪ್ಪಲೇಬೇಕೆಂದಿಲ್ಲ. ಆದರೆ ಅದು ದಾಖಲೆಯಾಗಿ ಉಳಿಯುತ್ತದೆ. ಒಪ್ಪದಿದ್ದರೆ ಯಾಕೆ ಒಪ್ಪಲಿಲ್ಲ ಎಂದು ಕೇಳುವ ಹಕ್ಕು ನಮಗೆ ಸಿಗುತ್ತದೆ.

ಹಾಗಾದರೆ, ಕೇಳುವ ದಾರಿಯೊಂದು ಇದೆ ಎಂದಾಯಿತು. ಆ ದಾರಿಯಲ್ಲಿ ಹೋಗಿ ಬಂದ ಒಂದು ಕಾನೂನಿನ ಕಥೆಯನ್ನು ಈಗ ಕೇಳಿ. ಅದು ಬೀದಿಬದಿ ವ್ಯಾಪಾರಿಗಳ ಕಾಯಿದೆ.

ಬಹಳ ವರ್ಷ ನಮ್ಮ ನಗರಗಳಲ್ಲಿ ಬೀದಿ ವ್ಯಾಪಾರ ಎಂದರೆ ಅಡಚಣೆ ಎಂದೇ ಲೆಕ್ಕ. ಪೊಲೀಸರು ಬಂದರೆ ಗಾಡಿ ತಳ್ಳಿಕೊಂಡು ಓಡಬೇಕು. ಪಾಲಿಕೆಯ ಲಾರಿ ಬಂದರೆ ಸರಕು ಹೋಯಿತು. ಈ ಜನ ನ್ಯಾಯಾಲಯದ ಮೆಟ್ಟಿಲು ಹತ್ತಿದರು. ಅಹಮದಾಬಾದಿನ ಮಾಣೆಕ್ ಚೌಕಿನಲ್ಲಿ ತರಕಾರಿ ಮಾರುವ ಹೆಂಗಸರ ಪರವಾಗಿ ಇಳಾ ಭಟ್ಟರು ಕಟ್ಟಿದ ‘ಸೇವಾ’ ಎಂಬ ಸಂಘಟನೆ 1980ರ ದಶಕದಲ್ಲಿ ಸುಪ್ರೀಂ ಕೋರ್ಟಿಗೆ ಹೋಯಿತು. 1985ರಲ್ಲಿ ಮುಂಬೈಯ ವ್ಯಾಪಾರಿಗಳ ಪ್ರಕರಣದ ತೀರ್ಪು ಬಂತು. 1989ರಲ್ಲಿ ದೆಹಲಿಯ ಸೋದನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮುಖ್ಯವಾದ ಮಾತು ಹೇಳಿತು. ಬೀದಿಯಲ್ಲಿ ವ್ಯಾಪಾರ ಮಾಡುವುದು ಸಂವಿಧಾನ ಕೊಟ್ಟ ಹಕ್ಕು, ಅದಕ್ಕೆ ಸಕಾರಣವಾದ ನಿರ್ಬಂಧ ಇರಬಹುದು ಎಂದಿತು. ಹಕ್ಕು ಸಿಕ್ಕಿತು. ಆದರೆ ಆ ಹಕ್ಕನ್ನು ಬೆಳಗ್ಗೆ ಗಾಡಿ ಹಾಕುವ ಜಾಗಕ್ಕೆ ತರುವ ಕಾನೂನು ಇರಲಿಲ್ಲ. 2010ರಲ್ಲಿ ಗೇಂದಾ ರಾಮ್ ಪ್ರಕರಣದಲ್ಲಿ ಕೋರ್ಟು, ಬೇಗ ಒಂದು ಕಾನೂನು ಮಾಡಿ ಎಂದು ಸರ್ಕಾರಕ್ಕೆ ಗಡುವನ್ನೇ ಕೊಟ್ಟಿತು.

2012ರ ಸೆಪ್ಟೆಂಬರಿನಲ್ಲಿ ಲೋಕಸಭೆಯಲ್ಲಿ ಮಸೂದೆ ಬಂತು. ಅದನ್ನು ನಗರಾಭಿವೃದ್ಧಿ ಸ್ಥಾಯಿ ಸಮಿತಿಗೆ ಒಪ್ಪಿಸಿದರು. ಶರದ್ ಯಾದವ್ ಆಗ ಅದರ ಅಧ್ಯಕ್ಷರು. 2013ರ ಮಾರ್ಚಿನಲ್ಲಿ ಸಮಿತಿ ವರದಿ ಕೊಟ್ಟಿತು. ಅದರ ಬಳಿಕ ಸರ್ಕಾರ ಮಸೂದೆಗೆ ತಿದ್ದುಪಡಿಗಳನ್ನು ತಂದಿತು. ಲೋಕಸಭೆ 2013ರಲ್ಲಿ, ರಾಜ್ಯಸಭೆ 2014ರಲ್ಲಿ ಒಪ್ಪಿದವು. 2014ರ ಮೇ 1ರಿಂದ ಕಾಯಿದೆ ಜಾರಿಗೆ ಬಂತು.

ಆ ಕಾಯಿದೆಯ ಒಂದು ಕಲಮನ್ನು ಹತ್ತಿರದಿಂದ ಗಮನಿಸಿ. ಸರಕು ಜಪ್ತಿ ಮಾಡುವ ಕಲಂ ಅದು. ಪಾಲಿಕೆಯವರು ಸರಕನ್ನು ಎತ್ತಿಕೊಂಡು ಹೋಗುವುದಾದರೆ ಮೊದಲು ಪಟ್ಟಿ ಮಾಡಬೇಕು. ಏನೇನು ಎತ್ತಿದೆವು ಎಂದು ಬರೆದು, ಸಹಿ ಹಾಕಿ, ಒಂದು ಪ್ರತಿಯನ್ನು ವ್ಯಾಪಾರಿಯ ಕೈಗೆ ಕೊಡಬೇಕು. ಪಾತ್ರೆ, ಬಟ್ಟೆಯಂಥ ಕೆಡದ ಸರಕಾದರೆ, ವ್ಯಾಪಾರಿ ಬಂದು ಕೇಳಿದ ಎರಡು ಕೆಲಸದ ದಿನಗಳೊಳಗೆ ಬಿಟ್ಟುಕೊಡಬೇಕು. ಹಣ್ಣು, ಸೊಪ್ಪು, ಹೂವಿನಂಥ ಕೆಡುವ ಸರಕಾದರೆ ಕೇಳಿದ ದಿನವೇ ಬಿಟ್ಟುಕೊಡಬೇಕು.

ಕೇಳಿದ ದಿನವೇ. ಈ ಮಾತಿನ ಬೆಲೆ ಎಷ್ಟೆಂದು ಯೋಚಿಸಿ. ಮುಂಜಾನೆ ಮೂರು ಗಂಟೆಗೆ ಮಾರುಕಟ್ಟೆಗೆ ಹೋಗಿ, ಬಡ್ಡಿ ಸಾಲದ ದುಡ್ಡಿನಲ್ಲಿ ದಂಟು, ಮೆಂತ್ಯ, ಕೊತ್ತಂಬರಿ ಕಟ್ಟು ತಂದ ಹೆಂಗಸಿಗೆ ಮಾರನೆಯ ದಿನ ಸಿಗುವ ಸೊಪ್ಪು ಸೊಪ್ಪಲ್ಲ. ಅವಳಿಗೆ ದಂಡಕ್ಕಿಂತ ಕಾಯುವುದೇ ದೊಡ್ಡ ಶಿಕ್ಷೆ. ಕಚೇರಿಯಲ್ಲಿ ಕುಳಿತು ಬರೆಯುವವರಿಗೆ ಒಂದು ದಿನ, ಎರಡು ದಿನ ಎಂಬ ವ್ಯತ್ಯಾಸ ದೊಡ್ಡದಾಗಿ ಕಾಣುವುದಿಲ್ಲ. ಸೊಪ್ಪು ಮಾರುವವರ ನಡುವೆ ಇದ್ದವರಿಗೆ ಅದು ಗೊತ್ತು. ಇಂಥ ಕಲಮು ಬದುಕನ್ನು ಬಲ್ಲವರ ಮಾತು ಕೇಳಿದ ಮೇಲೆಯೇ ಬರಲು ಸಾಧ್ಯ.

ಇನ್ನೂ ಇವೆ. ಎಬ್ಬಿಸುವ ಮೊದಲು 30 ದಿನದ ನೋಟಿಸು ಕೊಡಬೇಕು. ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಒಕ್ಕಲೆಬ್ಬಿಸುವಂತಿಲ್ಲ. ಬೀದಿ ವ್ಯಾಪಾರದ ವಿಷಯ ನೋಡಿಕೊಳ್ಳಲು ಊರಿನಲ್ಲಿ ರಚಿಸುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ನೂರಕ್ಕೆ 40ಕ್ಕೆ ಕಡಿಮೆಯಿಲ್ಲದಷ್ಟು ಮಂದಿ ವ್ಯಾಪಾರಿಗಳೇ ಆಗಿರಬೇಕು. ಅವರನ್ನು ವ್ಯಾಪಾರಿಗಳೇ ಚುನಾಯಿಸಬೇಕು. ಅವರಲ್ಲಿ ಮೂರನೆಯ ಒಂದು ಭಾಗ ಹೆಂಗಸರಿರಬೇಕು. ಅಂದರೆ ಕಾನೂನು ಮಾಡುವಾಗ ಒಮ್ಮೆ ಕೇಳಿ ಸುಮ್ಮನಾಗಲಿಲ್ಲ. ಮುಂದೆಯೂ ಊರೂರಿನಲ್ಲಿ ಕೇಳುತ್ತಲೇ ಇರಬೇಕು ಎಂದು ಕಾನೂನೇ ಹೇಳಿತು. ಇದೆಲ್ಲ ಎಲ್ಲ ಊರಿನಲ್ಲೂ ಸರಿಯಾಗಿ ನಡೆಯುತ್ತಿದೆಯೇ ಎಂದರೆ, ಇಲ್ಲ. ಚುನಾವಣೆಯೇ ನಡೆಯದ ಊರುಗಳಿವೆ. ನೋಟಿಸಿಲ್ಲದೆ ಗಾಡಿ ಎತ್ತುವುದು ನಿಂತಿಲ್ಲ. ಆದರೂ ಇವತ್ತು ಆ ವ್ಯಾಪಾರಿ ಒಂದು ಕಲಂ ತೋರಿಸಿ, ಇದು ತಪ್ಪು ಎಂದು ಹೇಳಬಲ್ಲರು. ಮೊದಲು ಅದೂ ಇರಲಿಲ್ಲ.

ಕೇಳುಗರೇ, ಇಲ್ಲಿಯವರೆಗಿನ ಮಾತು ಇದು. ಕೇಳುವ ಸಮಿತಿಗಳಿವೆ. ಆ ದಾರಿಯಲ್ಲಿ ಬಂದ ಬೀದಿ ವ್ಯಾಪಾರಿಗಳ ಕಾಯಿದೆಯಲ್ಲಿ ವ್ಯಾಪಾರಿಯ ಬದುಕಿನ ಅಳತೆ ಇದೆ. ಈಗ ಇನ್ನೊಂದು ಕಾನೂನಿಗೆ ಬರೋಣ. ಇದು ಬಾಕಿ ಹಣದ ಕಥೆ. ಇದರಲ್ಲಿ ಎರಡು ಭಾಗ. ಮೊದಲ ಭಾಗದಲ್ಲಿ ಕೇಳಿದರು, ಎರಡನೆಯ ಭಾಗದಲ್ಲಿ ಕೇಳಲಿಲ್ಲ.

ಬೆಂಗಳೂರಿನ ಪೀಣ್ಯ, ರಾಜಾಜಿನಗರದ ಕೈಗಾರಿಕಾ ವಸಾಹತುಗಳನ್ನು ನೆನಪಿಸಿಕೊಳ್ಳಿ. ಹುಬ್ಬಳ್ಳಿಯ ಗೋಕುಲ ರಸ್ತೆ, ಬೆಳಗಾವಿಯ ಉದ್ಯಮಬಾಗ್ ನೆನಪಿಸಿಕೊಳ್ಳಿ. ಇಲ್ಲಿ ದೊಡ್ಡ ಕಾರ್ಖಾನೆಗಳಿಗೆ ಬಿಡಿಭಾಗ ಮಾಡಿಕೊಡುವ ಸಣ್ಣ ಶೆಡ್ಡುಗಳು ಸಾಲುಸಾಲಾಗಿವೆ. ಮಾಲು ಹೋಗುತ್ತದೆ, ಬಿಲ್ಲು ಹೋಗುತ್ತದೆ. ದುಡ್ಡು ಬರುವುದಿಲ್ಲ. ಮೂರು ತಿಂಗಳು, ನಾಲ್ಕು ತಿಂಗಳು, ಕೆಲವೊಮ್ಮೆ ವರ್ಷ. ಅತ್ತ ಕೆಲಸಗಾರರಿಗೆ ವಾರದ ಬಟವಾಡೆ ಆಗಬೇಕು. ಕರೆಂಟು ಬಿಲ್ಲು ಕಟ್ಟಬೇಕು. ಕಬ್ಬಿಣ ಕೊಟ್ಟವರು ಬಾಗಿಲಲ್ಲಿ ನಿಂತಿರುತ್ತಾರೆ. ದುಡ್ಡು ಬರುವ ಮೊದಲೇ ಜಿಎಸ್‌ಟಿ ಕಟ್ಟಬೇಕು. ಸಣ್ಣ ಉದ್ಯಮ ಮುಚ್ಚುವುದು ಎಷ್ಟೋ ಸಲ ಕೆಲಸ ಇಲ್ಲದೆ ಅಲ್ಲ. ಮಾಡಿದ ಕೆಲಸದ ದುಡ್ಡು ಕೈಗೆ ಬಾರದೆ.

ಇದಕ್ಕಾಗಿ 1993ರಲ್ಲೇ ಒಂದು ಕಾಯಿದೆ ಬಂತು. ತಡವಾದ ಪಾವತಿಗೆ ಬಡ್ಡಿ ಕೊಡಬೇಕು ಎಂದಿತು. ಆಮೇಲೆ 1998ರ ತಿದ್ದುಪಡಿ ಪಾವತಿಗೆ ಹೆಚ್ಚೆಂದರೆ 120 ದಿನ ಎಂದಿತು. 120 ದಿನ ಅಂದರೆ ನಾಲ್ಕು ತಿಂಗಳು. ಸಣ್ಣವರಿಗೆ ಅದು ಬಹಳ ದೂರ. 2005ರಲ್ಲಿ ಸಣ್ಣ ಮತ್ತು ಮಧ್ಯಮ ಉದ್ಯಮಗಳಿಗೆಂದೇ ಹೊಸ ಮಸೂದೆ ಮಂಡನೆಯಾಯಿತು. ಅದು ಕೈಗಾರಿಕಾ ಸ್ಥಾಯಿ ಸಮಿತಿಗೆ ಹೋಯಿತು, ವರದಿ ಬಂತು. 2006ರಲ್ಲಿ ಕಾಯಿದೆಯಾಗುವ ಹೊತ್ತಿಗೆ ಅತಿ ಸಣ್ಣವರಾದ ಸೂಕ್ಷ್ಮ ಉದ್ಯಮದವರೂ ಅದರ ಹೆಸರಿನಲ್ಲೇ ಸೇರಿದ್ದರು. ಆ ವರ್ಷದ ಗಾಂಧಿ ಜಯಂತಿಯಂದು ಕಾಯಿದೆ ಜಾರಿಗೆ ಬಂತು.

ಅದು ಹೇಳುವುದು ಬಹಳ ಸ್ಪಷ್ಟ. ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಕೊಂಡವರು, ಬರಹದ ಒಪ್ಪಂದ ಇದ್ದರೂ 45 ದಿನದೊಳಗೆ ದುಡ್ಡು ಕೊಡಬೇಕು. ಒಪ್ಪಂದ ಇಲ್ಲದಿದ್ದರೆ 15 ದಿನ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ. ವ್ಯಾಜ್ಯವನ್ನು ರಾಜ್ಯದ ಸೌಲಭ್ಯ ಮಂಡಳಿಗೆ ಒಯ್ಯಬಹುದು. ಮಂಡಳಿಯ ತೀರ್ಪನ್ನು ರದ್ದು ಮಾಡಿ ಎಂದು ಕೊಳ್ಳುಗ ಕೋರ್ಟಿಗೆ ಹೋಗುವುದಾದರೆ, ಮೊದಲು ಮುಕ್ಕಾಲು ಪಾಲು ಹಣ ಠೇವಣಿ ಇಡಬೇಕು. 120 ದಿನ 45ಕ್ಕೆ ಇಳಿದದ್ದು ಚಿಕ್ಕ ಗೆಲುವಲ್ಲ.

ಆದರೂ ಬಾಕಿ ನಿಲ್ಲಲಿಲ್ಲ. ಕಾರಣ ಸರಳ. ದೂರು ಕೊಟ್ಟರೆ ಬಡ್ಡಿ ಬರಬಹುದು, ಗಿರಾಕಿ ಹೋಗುತ್ತಾನೆ. ವರ್ಷದ ಕೆಲಸದಲ್ಲಿ ಮುಕ್ಕಾಲು ಪಾಲು ಒಂದೇ ಕಂಪನಿಯಿಂದ ಬರುವಾಗ ಆ ಕಂಪನಿಯ ಮೇಲೆ ಯಾರು ದೂರು ಕೊಡುತ್ತಾರೆ? ಹಕ್ಕು ಕಾಗದದಲ್ಲಿದೆ, ಧೈರ್ಯ ಗಲ್ಲಾಪೆಟ್ಟಿಗೆಯಲ್ಲಿಲ್ಲ.

ಈಗ ಎರಡನೆಯ ಭಾಗ. 2023ರ ಬಜೆಟ್ಟಿನಲ್ಲಿ ಕೇಂದ್ರ ಸರ್ಕಾರ ಬೇರೊಂದು ದಾರಿ ಹಿಡಿಯಿತು. ಆದಾಯ ತೆರಿಗೆ ಕಾಯಿದೆಯ 43ಬಿ ಕಲಮಿಗೆ ಒಂದು ಉಪಕಲಂ ಸೇರಿಸಿತು. ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಗಡುವಿನೊಳಗೆ ದುಡ್ಡು ಕೊಡದ ಕೊಳ್ಳುಗ, ನಿಜವಾಗಿ ಕೊಡುವ ವರ್ಷದವರೆಗೆ ಆ ಖರೀದಿಯನ್ನು ಖರ್ಚೆಂದು ತೋರಿಸುವಂತಿಲ್ಲ. ಖರ್ಚು ಕಡಿಮೆಯಾದರೆ ಲಾಭ ಹೆಚ್ಚು, ಲಾಭ ಹೆಚ್ಚಾದರೆ ತೆರಿಗೆ ಹೆಚ್ಚು. ದೂರು ಕೊಡುವ ಅಗತ್ಯವೇ ಇಲ್ಲ, ತೆರಿಗೆಯ ಭಯವೇ ದುಡ್ಡು ಕೊಡಿಸುತ್ತದೆ. ಉದ್ದೇಶ ಒಳ್ಳೆಯದು. ನಾನು ಅದನ್ನು ಪೂರ್ತಿ ಒಪ್ಪುತ್ತೇನೆ.

ಆದರೆ ಅದು ಬಂದ ದಾರಿ ಹಣಕಾಸು ಮಸೂದೆ. ಹಣಕಾಸು ಮಸೂದೆಯನ್ನು ಸ್ಥಾಯಿ ಸಮಿತಿಗೆ ಒಪ್ಪಿಸುವ ರೂಢಿ ಇಲ್ಲ. ಆ ವರ್ಷದ ಮಾರ್ಚ್ 24ರಂದು ಗದ್ದಲದ ನಡುವೆ, ಚರ್ಚೆಯೇ ಇಲ್ಲದೆ ಲೋಕಸಭೆ ಅದನ್ನು ಅಂಗೀಕರಿಸಿತು. ಸಮಿತಿಯಲ್ಲೂ ಮಾತಿಲ್ಲ, ಸದನದಲ್ಲೂ ಮಾತಿಲ್ಲ.

ಪರಿಣಾಮ ಮರುವರ್ಷ ಕಂಡಿತು. 2024ರ ಫೆಬ್ರವರಿ, ಮಾರ್ಚ್ ಬಂದಾಗ, ಲೆಕ್ಕ ಮುಗಿಸುವ ಹೊತ್ತಿನಲ್ಲಿ, ಬಟ್ಟೆ ಮಾರುಕಟ್ಟೆಗಳಲ್ಲಿ ಕಳವಳ ಎದ್ದಿತು. ಜವಳಿ ವ್ಯಾಪಾರದಲ್ಲಿ ಉದ್ರಿ ಮೂರು ತಿಂಗಳು ನಡೆಯುವುದು ಹಳೆಯ ಪದ್ಧತಿ. ಮಾರುವವರೂ ಸಣ್ಣವರು, ಕೊಳ್ಳುವವರೂ ಸಣ್ಣವರು. ಮೇಲಿನಿಂದ ತಮಗೆ ದುಡ್ಡು ಬಾರದೆ ಕೆಳಗಿನವರಿಗೆ 45 ದಿನದಲ್ಲಿ ಕೊಡುವುದು ಹೇಗೆ ಎಂದು ಅವರು ಕೇಳಿದರು. ಇನ್ನೊಂದು ಭಯವೂ ಹುಟ್ಟಿತು. ಈ ಗಡುವು ಮಧ್ಯಮ ಉದ್ಯಮಕ್ಕೆ ಅನ್ವಯಿಸುವುದಿಲ್ಲ. ನೋಂದಣಿ ಇಲ್ಲದವರಿಗೂ ಅನ್ವಯಿಸುವುದಿಲ್ಲ. ಹಾಗಾದರೆ ಕೊಳ್ಳುಗರು ನೋಂದಾಯಿತ ಸಣ್ಣವರನ್ನೇ ಬಿಟ್ಟು ಬೇರೆಯವರ ಹತ್ತಿರ ಹೋದರೆ? ರಕ್ಷಣೆಗೆಂದು ಮಾಡಿಸಿಕೊಂಡ ನೋಂದಣಿಯೇ ವ್ಯಾಪಾರಕ್ಕೆ ತೊಡಕಾದರೆ? ವರ್ತಕರ ಸಂಘಟನೆಗಳು ಇದನ್ನು ಒಂದು ವರ್ಷ ಮುಂದೂಡಿ ಎಂದು ಕೇಳಿಕೊಂಡವು.

ಗಮನಿಸಿ, ಈ ಪ್ರಶ್ನೆಗಳೆಲ್ಲ ಮೊದಲೇ ಕೇಳಬಹುದಾಗಿದ್ದವು. ಸೂರತ್ತಿನ ಒಬ್ಬ ಸೀರೆ ವ್ಯಾಪಾರಿಯನ್ನು, ಪೀಣ್ಯದ ಒಬ್ಬ ಶೆಡ್ಡಿನ ಯಜಮಾನರನ್ನು, ಒಬ್ಬ ಲೆಕ್ಕಪರಿಶೋಧಕರನ್ನು ಒಂದು ಮಧ್ಯಾಹ್ನ ಎದುರಿಗೆ ಕೂರಿಸಿಕೊಂಡಿದ್ದರೆ ಈ ತೊಡಕುಗಳೆಲ್ಲ ಹೊರಗೆ ಬರುತ್ತಿದ್ದವು. ಮೊದಲು ದೊಡ್ಡ ಕೊಳ್ಳುಗರಿಗೆ ಮಾತ್ರ ಅನ್ವಯಿಸಿ, ಆಮೇಲೆ ಹಂತ ಹಂತವಾಗಿ ಇಳಿಸಿ ಎಂಬ ಸಲಹೆ ಬರುತ್ತಿತ್ತೇನೋ. ಅಳತೆ ತೆಗೆಯದೆ ಹೊಲಿದ ಅಂಗಿ ಎಷ್ಟು ಒಳ್ಳೆಯ ಬಟ್ಟೆಯದಾದರೂ ಮೈಗೆ ಕೂರದು.

ತೆರಿಗೆಯ ವಿಷಯವನ್ನು ಸಮಿತಿಗೆ ಒಪ್ಪಿಸಲು ಬರುವುದಿಲ್ಲ ಎಂದು ಯಾರಾದರೂ ಹೇಳಿದರೆ, ಅದಕ್ಕೆ ಉತ್ತರ ಇದೆ. 2025ರಲ್ಲಿ ಹೊಸ ಆದಾಯ ತೆರಿಗೆ ಮಸೂದೆಯನ್ನು ಲೋಕಸಭೆಯ ಆಯ್ಕೆ ಸಮಿತಿಗೆ ಒಪ್ಪಿಸಿದರು. ಸಮಿತಿ ಕೆಲವೇ ತಿಂಗಳಲ್ಲಿ 280ಕ್ಕೂ ಹೆಚ್ಚು ಶಿಫಾರಸು ಮಾಡಿತು. ಸರ್ಕಾರ ಹಳೆಯ ಮಸೂದೆ ಹಿಂಪಡೆದು, ತಿದ್ದಿದ ಮಸೂದೆ ತಂದಿತು. ಮನಸ್ಸಿದ್ದರೆ ಆಗುತ್ತದೆ.

ಮತ್ತೊಮ್ಮೆ ಹೇಳುತ್ತೇನೆ. ಬೀದಿ ವ್ಯಾಪಾರಿಗಳ ಕಾಯಿದೆಯಲ್ಲಿ ಮೊದಲು ಕೇಳಿದರು, ಸೊಪ್ಪಿನ ಬುಟ್ಟಿಯ ಅವಸರ ಕಾನೂನಿನಲ್ಲಿ ಬಂತು. ಬಾಕಿ ಹಣದ ತೆರಿಗೆ ನಿಯಮದಲ್ಲಿ ಕೇಳಲಿಲ್ಲ, ಒಳ್ಳೆಯ ಉದ್ದೇಶವೂ ಗೊಂದಲಕ್ಕೆ ದಾರಿಯಾಯಿತು. ಈಗ ಮೂರನೆಯದು. ಇದು ನಮ್ಮದೇ ರಾಜ್ಯದ್ದು, ನಮಗೆಲ್ಲ ನೆನಪಿರುವಂಥದ್ದು.

2025ರ ಜುಲೈ ತಿಂಗಳು. ಬೆಂಗಳೂರಿನ ಅಂಗಡಿಗಳಲ್ಲಿ ಫೋನಿನಿಂದ ದುಡ್ಡು ಕಳಿಸುವ ಕ್ಯೂಆರ್ ಕೋಡಿನ ಹಾಳೆಗಳು ಮಾಯವಾಗತೊಡಗಿದವು. ಅವುಗಳ ಜಾಗದಲ್ಲಿ, ಯುಪಿಐ ಇಲ್ಲ, ನಗದು ಮಾತ್ರ ಎಂಬ ಕೈಬರಹದ ಚೀಟಿಗಳು ಬಂದವು. ಕಾರಣ, ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕೊಟ್ಟಿತ್ತು. 2021ರಿಂದ ಈಚೆಗೆ ಯುಪಿಐ ಮೂಲಕ ಬಂದ ಹಣದ ಲೆಕ್ಕ ಹಿಡಿದು, ನಿಮ್ಮ ವಹಿವಾಟು ಮಿತಿ ದಾಟಿದೆ, ಜಿಎಸ್‌ಟಿ ಕಟ್ಟಿ ಎಂದು ಕೇಳಿತ್ತು. ಬೇಕರಿ, ಕಾಂಡಿಮೆಂಟ್ಸ್, ಚಹಾ ಅಂಗಡಿ, ಹಾಲಿನ ಬೂತು, ತರಕಾರಿ ಅಂಗಡಿ ಎಲ್ಲರಿಗೂ ಹೋಯಿತು. ಕೆಲವರಿಗೆ ಬಂದ ಮೊತ್ತ ಲಕ್ಷಗಳಲ್ಲಿತ್ತು.

ಇದರ ಲೆಕ್ಕವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಸರಕು ಮಾರುವವರು ವರ್ಷಕ್ಕೆ 40 ಲಕ್ಷ ರೂಪಾಯಿ ವಹಿವಾಟು ದಾಟಿದರೆ ನೋಂದಣಿ ಕಡ್ಡಾಯ. ಸೇವೆ ಕೊಡುವವರಿಗೆ 20 ಲಕ್ಷ. 40 ಲಕ್ಷ ಎಂದರೆ ದೊಡ್ಡ ಮೊತ್ತ ಅನ್ನಿಸುತ್ತದೆ. ದಿನಕ್ಕೆ ಹಂಚಿ ನೋಡಿ. ಸುಮಾರು 11,000 ರೂಪಾಯಿ. ಜನಸಂದಣಿಯ ಬೀದಿಯಲ್ಲಿರುವ ಕಾಂಡಿಮೆಂಟ್ಸ್ ಅಂಗಡಿಗೆ ಅದು ಕಷ್ಟದ ಸಂಖ್ಯೆಯಲ್ಲ. ಆದರೆ ಅದು ಲಾಭವಲ್ಲ, ವಹಿವಾಟು. ಬಿಸ್ಕತ್ತು, ತಂಪು ಪಾನೀಯದಲ್ಲಿ ಉಳಿಯುವುದು ರೂಪಾಯಿಗೆ ಕೆಲವು ಪೈಸೆ. ಹಾಲು, ತರಕಾರಿಗೆ ತೆರಿಗೆಯೇ ಇಲ್ಲ. ಯುಪಿಐ ಖಾತೆಗೆ ಬರುವುದು ವ್ಯಾಪಾರದ ದುಡ್ಡು ಮಾತ್ರವೂ ಅಲ್ಲ. ತಮ್ಮ ಕಳಿಸಿದ ಸಾಲ, ಚೀಟಿ ಹಣ, ಮಗಳ ಶಾಲಾ ಶುಲ್ಕಕ್ಕೆಂದು ಬಂದ ದುಡ್ಡು ಎಲ್ಲ ಅದರಲ್ಲೇ ಬೆರೆತಿರುತ್ತದೆ.

ಇನ್ನೂ ಮುಖ್ಯವಾದ ಮಾತು ಒಂದಿದೆ. ಸಣ್ಣವರಿಗೆಂದೇ ಜಿಎಸ್‌ಟಿಯಲ್ಲಿ ರಾಜಿ ತೆರಿಗೆ ಪದ್ಧತಿ ಇದೆ. ಒಂದೂವರೆ ಕೋಟಿವರೆಗಿನ ವಹಿವಾಟಿನ ವರ್ತಕರು ನೂರಕ್ಕೆ ಒಂದು ರೂಪಾಯಿ ಕಟ್ಟಿ ನೆಮ್ಮದಿಯಾಗಿರಬಹುದು. ಆದರೆ ಮೊದಲೇ ನೋಂದಾಯಿಸಿಕೊಂಡಿರಬೇಕು. ಕಳೆದ ವರ್ಷಗಳಿಗೆ ಅದು ಸಿಗುವುದಿಲ್ಲ. ಆದ್ದರಿಂದ ತಿಳಿದವರು ನೂರಕ್ಕೆ ಒಂದು ಕಟ್ಟಿದರು. ತಿಳಿಯದವರ ಮುಂದೆ ಪೂರ್ತಿ ದರದ ತೆರಿಗೆ, ಮೇಲೆ ಬಡ್ಡಿ, ಮೇಲೆ ದಂಡ ನಿಂತಿತು. ಇಬ್ಬರ ಅಂಗಡಿಯೂ ಒಂದೇ ಅಳತೆಯದು. ವ್ಯತ್ಯಾಸ ಮಾಹಿತಿಯದು.

ವ್ಯಾಪಾರಿಗಳು ಬಂದ್ ಕರೆ ಕೊಟ್ಟರು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ಅವರು ವ್ಯಾಪಾರಿಗಳ ಪ್ರತಿನಿಧಿಗಳನ್ನು ಕರೆದು ಮಾತಾಡಿದರು. ಹಳೆಯ ಬಾಕಿ ವಸೂಲು ಮಾಡುವುದಿಲ್ಲ, ತೆರಿಗೆ ಇಲ್ಲದ ಸರಕಿಗೆ ತೆರಿಗೆ ಕೇಳುವುದಿಲ್ಲ, ಆದರೆ ಇನ್ನು ಮುಂದೆ ನೋಂದಣಿ ಮಾಡಿಸಿಕೊಳ್ಳಿ ಎಂದರು. ಬಂದ್ ನಿಂತಿತು. ಅದು ಒಳ್ಳೆಯದೇ. ನೋಂದಣಿಯೂ ಆಗಲೇಬೇಕು, ತೆರಿಗೆಯೂ ಬರಲೇಬೇಕು. ರಸ್ತೆ, ಶಾಲೆ, ಆಸ್ಪತ್ರೆ ನಡೆಯುವುದು ಅದರಿಂದ. ನನ್ನ ಪ್ರಶ್ನೆ ಬೇರೆ. ಆ ಸಭೆ ನೋಟಿಸಿಗೆ ಆರು ತಿಂಗಳ ಮುಂಚೆ ನಡೆಯಬಾರದಿತ್ತೇ? ಅಂದಿನ ಮಾತುಗಳನ್ನೇ ಮೊದಲು ಆಡಿದ್ದರೆ ಯಾರೂ ಕ್ಯೂಆರ್ ಹಾಳೆ ಕಿತ್ತು ನಗದಿಗೆ ಮರಳುತ್ತಿರಲಿಲ್ಲ.

ಜಿಎಸ್‌ಟಿಯ ವಿಷಯದಲ್ಲಿ ಕೇಳುವ ಬಾಗಿಲು ಇನ್ನೂ ಕಿರಿದು. ಅದರ ದರ, ಮಿತಿ, ವಿನಾಯಿತಿಗಳನ್ನು ಜಿಎಸ್‌ಟಿ ಮಂಡಳಿ ನಿರ್ಧರಿಸುತ್ತದೆ. ಅಲ್ಲಿ ಕೇಂದ್ರದ ಹಣಕಾಸು ಸಚಿವರು, ರಾಜ್ಯಗಳ ಸಚಿವರು ಕೂರುತ್ತಾರೆ. 2017ರಲ್ಲಿ ಜಿಎಸ್‌ಟಿ ಶುರುವಾದಾಗ ಸರಕಿನ ಮಿತಿ 20 ಲಕ್ಷ ಇತ್ತು. ಸಣ್ಣವರು ಎರಡು ವರ್ಷ ಗೋಳಾಡಿದ ಮೇಲೆ 2019ರ ಏಪ್ರಿಲಿನಿಂದ 40 ಲಕ್ಷವಾಯಿತು. ಅಲ್ಲಿಯೂ ನೋವು ಮೊದಲು, ಕಿವಿ ಆಮೇಲೆ.

ಹೀಗೆ ಮೂರು ಕಥೆ ಕೇಳಿದಿರಿ. ಮೂರರ ಪಾಠವೂ ಒಂದೇ, ಮೊದಲು ಕೇಳಿ. ಈ ಪಾಠ ಕನ್ನಡನಾಡಿಗೆ ಹೊಸದೇನಲ್ಲ. 1881ರಲ್ಲಿ ಮೈಸೂರಿನ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಆರಂಭಿಸಿದರು. ದಸರಾ ಹೊತ್ತಿಗೆ ಮೈಸೂರಿನಲ್ಲಿ ಸುಮಾರು 140 ಪ್ರತಿನಿಧಿಗಳು ಸೇರಿದರು. ತಾಲ್ಲೂಕುಗಳಿಂದ ಬೇಸಾಯಗಾರರು ಬಂದರು. ಅವರ ಜೊತೆಗೆ ಜಿಲ್ಲೆಗಳಿಂದ ವರ್ತಕರನ್ನೂ ಕರೆಸಿದ್ದರು. ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಆದರೆ ವರ್ತಕರು ದಿವಾನರ ಎದುರು ನಿಂತು ಅಹವಾಲು ಹೇಳಬಹುದಿತ್ತು. ಮುಂದೆ 1916ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಮೈಸೂರು ವಾಣಿಜ್ಯ ಮಂಡಳಿ ಹುಟ್ಟಿತು. ಇವತ್ತಿನ ಎಫ್‌ಕೆಸಿಸಿಐ ಎಂಬ ವಾಣಿಜ್ಯ ಸಂಘಟನೆ ಅದರ ಮುಂದುವರಿಕೆ. 1949ರಲ್ಲಿ ಸಣ್ಣ ಕೈಗಾರಿಕೆಗಳ ಸಂಘ ಕಾಸಿಯಾ ಬಂತು. ಕೇಳುವ ಪರಂಪರೆಯೂ ನಮ್ಮಲ್ಲಿದೆ, ಹೇಳುವ ಸಂಘಗಳೂ ಇವೆ.

ಹೊರದೇಶದಲ್ಲೂ ಒಂದು ಮಾದರಿ ಇದೆ. ಅಮೆರಿಕದಲ್ಲಿ 1980ರ ಒಂದು ಕಾನೂನು, ಹೊಸ ನಿಯಮ ತರುವ ಇಲಾಖೆ ಅದರಿಂದ ಸಣ್ಣ ಉದ್ಯಮಕ್ಕೆ ಎಷ್ಟು ಹೊರೆ ಬೀಳುತ್ತದೆ ಎಂದು ಲೆಕ್ಕ ಹಾಕಬೇಕು ಎನ್ನುತ್ತದೆ. 1996ರಲ್ಲಿ ಇನ್ನೂ ಮುಂದೆ ಹೋದರು. ಪರಿಸರ ಮತ್ತು ಕಾರ್ಮಿಕರ ಸುರಕ್ಷತೆಯ ಇಲಾಖೆಗಳು ಭಾರವಾದ ನಿಯಮದ ಕರಡು ಹೊರಡಿಸುವ ಮೊದಲೇ ಸಣ್ಣ ಉದ್ಯಮಿಗಳ ಪ್ರತಿನಿಧಿಗಳಿಂದ ಅಭಿಪ್ರಾಯ ಪಡೆಯಬೇಕು ಎಂದರು. ಆ ದೇಶದ ವ್ಯವಸ್ಥೆ ಬೇರೆ, ನಮ್ಮದು ಬೇರೆ. ಆದರೆ ಕರಡಿಗೂ ಮೊದಲು ಕೇಳಬೇಕು ಎಂಬ ನಿಯಮವನ್ನು ನಾವೂ ಮಾಡಿಕೊಳ್ಳಬಹುದು.

ಹಾಗಾದರೆ ನಮ್ಮಲ್ಲಿ ಏನಾಗಬೇಕು? ಮೂರು ಮಾತು ಹೇಳಿ ಮುಗಿಸುತ್ತೇನೆ.

ಮೊದಲನೆಯದು ಸದನಗಳಿಗೆ. ಮಸೂದೆಗಳನ್ನು ಸಮಿತಿಗೆ ಒಪ್ಪಿಸುವುದು ಕಡಿಮೆಯಾಗುತ್ತಿದೆ. 2009ರಿಂದ 2014ರವರೆಗಿನ ಲೋಕಸಭೆಯ ಅವಧಿಯಲ್ಲಿ ಹತ್ತು ಮಸೂದೆಗಳಲ್ಲಿ ಏಳು ಸಮಿತಿಗೆ ಹೋಗುತ್ತಿದ್ದವು. 2019ರಿಂದ 2024ರ ಅವಧಿಯಲ್ಲಿ ಆರರಲ್ಲಿ ಒಂದು ಹೋಯಿತು. ಇದು ಬದಲಾಗಬೇಕು. ನಮ್ಮ ವಿಧಾನಮಂಡಲವೂ ಮಸೂದೆಗಳನ್ನು ಸಮಿತಿಗೆ ಒಪ್ಪಿಸಬೇಕು. 2024ರಲ್ಲಿ ಗ್ರೇಟರ್ ಬೆಂಗಳೂರು ಆಡಳಿತ ಮಸೂದೆಯನ್ನು ಜಂಟಿ ಸಮಿತಿಗೆ ಒಪ್ಪಿಸಿ ಜನರ ಅಭಿಪ್ರಾಯ ಕೇಳಿದರು. ಅಂಗಡಿ, ಮಾರುಕಟ್ಟೆ, ಪರವಾನಗಿಗಳಿಗೆ ಸಂಬಂಧಿಸಿದ ಮಸೂದೆಗಳಿಗೂ ಅದೇ ಮರ್ಯಾದೆ ಸಿಗಲಿ. ಸಮಿತಿಗಳು ದಾವಣಗೆರೆ, ಕಲಬುರಗಿ, ಮಂಗಳೂರಿಗೂ ಬಂದು ಕೂರಲಿ.

ಎರಡನೆಯದು ಸರ್ಕಾರಗಳಿಗೆ. ಮಸೂದೆಯ ಕರಡನ್ನು ಕನಿಷ್ಠ 30 ದಿನ ಜನರ ಮುಂದಿಡಬೇಕು ಎಂದು ಕೇಂದ್ರ ಸರ್ಕಾರ 2014ರಲ್ಲೇ ನೀತಿ ಮಾಡಿದೆ. ಅದನ್ನು ತಪ್ಪದೆ ಪಾಲಿಸಲಿ. ಕರಡು ಕನ್ನಡದಲ್ಲೂ ಸಿಗಲಿ. ಸಂಸತ್ತಿನ ಸಮಿತಿಗಳು ಮನವಿಯನ್ನು ಇಂಗ್ಲಿಷಿನಲ್ಲಿ ಅಥವಾ ಹಿಂದಿಯಲ್ಲಿ ಬರೆಯಿರಿ ಎನ್ನುತ್ತವೆ. ತೆರಿಗೆಯನ್ನು ಯಾವ ಭಾಷೆಯವರಿಂದಲೂ ಪಡೆಯುವ ದೇಶ ಅಹವಾಲನ್ನೂ ಅವರ ಭಾಷೆಯಲ್ಲೇ ಪಡೆಯಬೇಕು. ಇದು ನ್ಯಾಯವಾದ ಬೇಡಿಕೆ. ನಮ್ಮ ಸಂಸದರು ಇದನ್ನು ಎತ್ತಬೇಕು.

ಮೂರನೆಯದು ವ್ಯಾಪಾರಿ ಬಂಧುಗಳಿಗೆ. ಸಮಿತಿಯ ಪ್ರಕಟಣೆ ಪತ್ರಿಕೆಯಲ್ಲಿ ಬಂದಾಗ ಉತ್ತರಕ್ಕೆ ಸಿಗುವುದು ಎರಡು ಮೂರು ವಾರ ಮಾತ್ರ. ನಿಮ್ಮ ಸಂಘದಲ್ಲಿ ಒಬ್ಬರಿಗೆ ಅದನ್ನು ಗಮನಿಸುವ ಹೊಣೆ ಕೊಡಿ. ಮನವಿ ಒಂದು ಪುಟ ಸಾಕು. ಇಡೀ ಮಸೂದೆಯನ್ನು ಬೈಯಬೇಡಿ, ಹೊಗಳಲೂ ಬೇಡಿ. ನಿಮಗೆ ತಾಗುವ ಕಲಂ ಯಾವುದು ಎಂದು ಬರೆಯಿರಿ. ಅದರಿಂದ ನಿಮ್ಮ ಅಂಗಡಿಯಲ್ಲಿ ಏನಾಗುತ್ತದೆ ಎಂದು ನಿಮ್ಮದೇ ಲೆಕ್ಕದ ಪುಸ್ತಕದಿಂದ ಅಂಕಿ ಕೊಡಿ. ಬದಲಿಗೆ ಏನಿರಬೇಕು ಎಂದು ಒಂದು ವಾಕ್ಯದಲ್ಲಿ ಹೇಳಿ. ಎದುರಿಗೆ ಬಂದು ಹೇಳಲು ಸಿದ್ಧ ಎಂದೂ ಸೇರಿಸಿ. ಇಂಗ್ಲಿಷ್ ಬರೆಯುವವರು ನಿಮ್ಮ ಮನೆಯಲ್ಲೇ, ನಿಮ್ಮ ಮಕ್ಕಳಲ್ಲೇ ಇದ್ದಾರೆ. ಅವರಿಂದ ಬರೆಸಿ. ಒಂದು ಪ್ರತಿಯನ್ನು ನಿಮ್ಮ ಸಂಸದರಿಗೆ, ಶಾಸಕರಿಗೆ ಕೈಯಾರೆ ಕೊಟ್ಟು ಬನ್ನಿ.

ಬಂದ್ ಒಂದು ದಿನದ ವ್ಯಾಪಾರವನ್ನು ತಿನ್ನುತ್ತದೆ. ಮನವಿಗೆ ಖರ್ಚಾಗುವುದು ಒಂದು ಸಂಜೆ. ಆ ಸಂಜೆಯನ್ನು ಕಾನೂನು ಆಗುವ ಮೊದಲು ಖರ್ಚು ಮಾಡಿ ಎಂಬುದೇ ನನ್ನ ಕೋರಿಕೆ. ಕೇಳುವುದು ಆಳುವವರ ಕರ್ತವ್ಯ. ಹೇಳುವುದು ನಮ್ಮ ಹಕ್ಕು. ಎರಡೂ ಸಕಾಲದಲ್ಲಿ ನಡೆದರೆ ಸಣ್ಣವರಿಗೆ ತಕ್ಕ ಕಾನೂನು ಈ ದೇಶದಲ್ಲಿ ಖಂಡಿತ ಬರುತ್ತದೆ.